ಪರೀಕ್ಷೆಯ ಕಾಠಿನ್ಯವಿಚಾರ

೧. ವಿಷಯ

ಪರೀಕ್ಷೆಗಳು ವರ್ಷದಿಂದ ವರ್ಷಕ್ಕೆ ಸುಲಭವಾಗುತ್ತಿವೆಯೆಂದೂ, ಹಿಂದಿನವರು ಎರಡನೆಯ ದರ್ಜೆಗೆ ಪಟ್ಟಷ್ಟು ಕಷ್ಟವನ್ನು ಈಗಿನವರು ಮೊದಲನೆಯ ದರ್ಜೆಗೂ ಪಡಬೇಕಾಗಿಲ್ಲವೆಂದೂ ಹೇಳುವ ಮಾತು ಶಾಲಾಫಲಿತಾಂಶಗಳು ಹೊರಬೀಳುವ ಪ್ರತಿಯೊಂದು ಬೇಸಗೆಯಲ್ಲಿಯೂ ಕೇಳಿಬರುತ್ತದೆ. ಇದಕ್ಕೆ ಪ್ರತಿಯಾಗಿ, ಮಕ್ಕಳು ಹಗಲಿರುಳು ಓದಿ ಸಂಪಾದಿಸಿದ ಅಂಕಗಳನ್ನು ಹಿರಿಯರು ವೃಥಾ ಹಗುರಮಾಡುತ್ತಿರುವರೆಂದು ಹೇಳುವವರೂ ಇದ್ದಾರೆ. ಎರಡು ಪಕ್ಷಗಳಲ್ಲಿಯೂ ಆವೇಶವಿರುವಷ್ಟು ಪ್ರಮಾಣಗಳಿಲ್ಲ. ಒಂದು ಪಕ್ಷದವರು ತೇರ್ಗಡೆಯಾದವರ ಸಂಖ್ಯೆಯನ್ನು ತೋರಿಸುತ್ತಾರೆ. ಇನ್ನೊಂದು ಪಕ್ಷದವರು ಅಗ್ರಸ್ಥಾನವನ್ನು ಪಡೆದವರ ಶ್ರಮವನ್ನು ತೋರಿಸುತ್ತಾರೆ. ಇಬ್ಬರೂ ಒಂದೇ ವಸ್ತುವನ್ನು ಕುರಿತು ಮಾತನಾಡುತ್ತಿರುವರೇ ಎಂಬುದು ಮೊದಲು ವಿಚಾರಿಸತಕ್ಕ ಅಂಶವಾಗಿದೆ.

ಈ ವಿವಾದದ ತೊಡಕು ಬಹುಮಟ್ಟಿಗೆ ಒಂದು ಶಬ್ದದಿಂದ ಹುಟ್ಟಿದುದು. 'ಸುಲಭ'ವೆಂದರೆ ಸುಖವಾಗಿ ಲಭಿಸತಕ್ಕದ್ದು. ಪರೀಕ್ಷೆಯಲ್ಲಿ ಲಭಿಸತಕ್ಕದ್ದು ಯಾವುದೆಂದು ವಿಚಾರಿಸಿದರೆ ಮೂರು ವಸ್ತುಗಳು ತೋರುತ್ತವೆ. ಪರೀಕ್ಷೆಗೆ ಕುಳಿತುಕೊಳ್ಳುವ ಅಧಿಕಾರವು ಮೊದಲನೆಯದು, ತೇರ್ಗಡೆಯು ಎರಡನೆಯದು, ಅಗ್ರಸ್ಥಾನವು ಮೂರನೆಯದು. ದೇವಾಲಯದ ದೃಷ್ಟಾಂತದಿಂದ ಇವನ್ನು ಕ್ರಮವಾಗಿ ಬಾಗಿಲು, ಹೊಸ್ತಿಲು, ಶಿಖರ ಎಂದು ಕರೆಯಬಹುದು. ಬಾಗಿಲನ್ನು ಅಗಲಮಾಡಿದ ಮಾತ್ರಕ್ಕೆ ಹೊಸ್ತಿಲು ತಗ್ಗುವುದಿಲ್ಲ. ಹೊಸ್ತಿಲನ್ನು ತಗ್ಗಿಸಿದ ಮಾತ್ರಕ್ಕೆ ಶಿಖರವು ಕುಸಿಯುವುದಿಲ್ಲ. ಈ ಮೂರೂ ಬೇರೆ ಬೇರೆ ಕಾರಣಗಳಿಂದ ಬೇರೆ ಬೇರೆ ಕಾಲಗಳಲ್ಲಿ ವ್ಯತ್ಯಾಸಹೊಂದಿರುವುವೆಂಬುದನ್ನು ನಮ್ಮ ದೇಶದ ಪರೀಕ್ಷೆಗಳ ಚರಿತ್ರೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

೨. ಪ್ರಾಚೀನರ ಪರೀಕ್ಷೆ

ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಜೀವಕನ ಕಥೆಯಲ್ಲಿ ಭಾರತದ ಅತ್ಯಂತ ಹಳೆಯ ಪರೀಕ್ಷಾವರ್ಣನೆಗಳಲ್ಲೊಂದು ದೊರೆಯುತ್ತದೆ. ಜೀವಕನು ತಕ್ಷಶಿಲೆಯಲ್ಲಿ ಏಳು ವರ್ಷ ವೈದ್ಯವನ್ನು ಕಲಿತು, ವಿದ್ಯೆಗೆ ಕೊನೆ ಎಂದೆಂದು ಗುರುವನ್ನು ಕೇಳಿದನು. ಗುರುವು ಅವನ ಕೈಗೆ ಗುದ್ದಲಿಯನ್ನು ಕೊಟ್ಟು, ಪಟ್ಟಣದ ಸುತ್ತ ಒಂದು ಯೋಜನದೊಳಗೆ ಔಷಧಕ್ಕೆ ಬಾರದ ಗಿಡವೇನಾದರೂ ಇದ್ದರೆ ತರಬೇಕೆಂದನು. ಜೀವಕನು ಸುತ್ತಿ ಬಂದು ಅಂತಹುದೊಂದೂ ಕಾಣಲಿಲ್ಲವೆಂದು ಬಿನ್ನವಿಸಲು, ಗುರುವು ಅವನ ವಿದ್ಯೆ ಸಾಕಾಯಿತೆಂದು ದಾರಿಯ ಬುತ್ತಿಯನ್ನು ಕೊಟ್ಟು ಕಳುಹಿಸಿದನು. ಇಲ್ಲಿ ಪ್ರಶ್ನೆಯು ಒಂದೇ; ಆದರೆ ಆ ಒಂದು ಪ್ರಶ್ನೆಗೆ ಉತ್ತರಕೊಡಬೇಕಾದರೆ ಕಂಡ ಗಿಡಗಳೆಲ್ಲದರ ಗುಣವನ್ನೂ ಅರಿತಿರಬೇಕು. ಬರಿಗೈಯಲ್ಲಿ ಬಂದವನೇ ತೇರ್ಗಡೆಯಾದವನು.

ಕ್ರಿಸ್ತಶಕ ಏಳನೆಯ ಶತಮಾನದಲ್ಲಿ ನಾಲಂದಕ್ಕೆ ಬಂದ ಹ್ಯೂಯೆನ್ ತ್ಸಾಂಗನು ಆ ಮಹಾವಿಹಾರದ ದ್ವಾರಪರೀಕ್ಷೆಯನ್ನು ವರ್ಣಿಸಿದ್ದಾನೆ. ಹೊರಗಿನಿಂದ ವಾದಕ್ಕಾಗಿ ಬಂದವರನ್ನು ಬಾಗಿಲಿನಲ್ಲಿಯೇ ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸುತ್ತಿದ್ದರೆಂದೂ, ಹತ್ತು ಜನರಲ್ಲಿ ಏಳೆಂಟು ಜನ ಉತ್ತರಹೇಳಲಾರದೆ ಹಿಂದಿರುಗುತ್ತಿದ್ದರೆಂದೂ ಅವನ ಬರೆಹದಿಂದ ತಿಳಿಯುತ್ತದೆ. ವಿಕ್ರಮಶೀಲದಲ್ಲಿಯೂ ದ್ವಾರಪಂಡಿತರೆಂಬ ವಿದ್ವಾಂಸರಿದ್ದುದನ್ನು ಟಿಬೆಟ್ಟಿನ ಗ್ರಂಥಗಳು ಹೇಳುತ್ತವೆ. ಇವು ಬಾಗಿಲಿನ ಪರೀಕ್ಷೆಗಳು. ಒಳಗೆ ಬಿಟ್ಟ ಮೇಲೆ ಓದಿನ ಕೊನೆಯಲ್ಲಿ ನಡೆಯುವ ಪರೀಕ್ಷೆಗಳಲ್ಲ.

ಶಿಖರದ ಪರೀಕ್ಷೆಯನ್ನು ಕುರಿತು ಹೇಳಿರುವವನು ಹತ್ತನೆಯ ಶತಮಾನದ ಆದಿಯಲ್ಲಿದ್ದ ರಾಜಶೇಖರ. ಕಾವ್ಯಮೀಮಾಂಸೆಯ ಹತ್ತನೆಯ ಅಧ್ಯಾಯದಲ್ಲಿ ಅವನು, ಅರಸನು ಮಹಾನಗರಗಳಲ್ಲಿ ಬ್ರಹ್ಮಸಭೆಗಳನ್ನು ಕೂಡಿಸಿ ಕಾವ್ಯಶಾಸ್ತ್ರಗಳನ್ನು ಪರೀಕ್ಷಿಸಬೇಕೆಂದು ವಿಧಿಸಿ, ಉಜ್ಜಯಿನಿಯಲ್ಲಿ ಕಾಳಿದಾಸ, ಮೇಂಠ, ಭಾರವಿ ಮೊದಲಾದವರೂ, ಪಾಟಲಿಪುತ್ರದಲ್ಲಿ ಉಪವರ್ಷ, ವರ್ಷ, ಪಾಣಿನಿ, ಪಿಂಗಲ, ವ್ಯಾಡಿ, ವರರುಚಿ, ಪತಂಜಲಿ ಎಂಬವರೂ ಪರೀಕ್ಷಿತರಾದರೆಂಬ ಪ್ರತೀತಿಯನ್ನು ಹೇಳುತ್ತಾನೆ. ಬೇರೆ ಬೇರೆ ಶತಮಾನಗಳವರನ್ನು ಒಂದೇ ಪಟ್ಟಿಯಲ್ಲಿ ಸೇರಿಸಿರುವುದರಿಂದ ಇದನ್ನು ಚರಿತ್ರೆಯೆಂದು ಗ್ರಹಿಸಲಾಗದು. ಆದರೂ ಒಂದು ಅಂಶವು ಗಮನಾರ್ಹ. ಕಾವ್ಯದ ಪರೀಕ್ಷೆಗೆ ಒಂದು ನಗರ, ಶಾಸ್ತ್ರದ ಪರೀಕ್ಷೆಗೆ ಇನ್ನೊಂದು ನಗರ ಎಂಬ ವಿಭಾಗದಲ್ಲಿ, ಎರಡು ಬಗೆಯ ಸಾಮರ್ಥ್ಯವನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕವು ಅಡಗಿದೆ.

ಮಿಥಿಲೆಯ ನೈಯಾಯಿಕರಲ್ಲಿ ಪ್ರಸಿದ್ಧವಾಗಿದ್ದ ಶಲಾಕಾಪರೀಕ್ಷೆಯು ಇನ್ನೂ ಸ್ವಾರಸ್ಯವಾದುದು. ಗ್ರಂಥದ ಓಲೆಗಳ ಕಟ್ಟಿಗೆ ಒಂದು ಸೂಜಿಯನ್ನು ಚುಚ್ಚುವರು. ಸೂಜಿಯ ಮೊನೆಯು ಯಾವ ಓಲೆಯನ್ನು ಕೊನೆಯದಾಗಿ ಮುಟ್ಟಿತೋ ಆ ಓಲೆಯ ವಿಷಯವನ್ನು ಶಿಷ್ಯನು ವಿವರಿಸಬೇಕು. ನವದ್ವೀಪದ ವಾಸುದೇವನು ಪಕ್ಷಧರಮಿಶ್ರನ ಬಳಿ ಈ ಪರೀಕ್ಷೆಯಲ್ಲಿ ನೂರು ಓಲೆಗಳನ್ನು ವಿವರಿಸಿ ಸಾರ್ವಭೌಮನೆಂಬ ಬಿರುದನ್ನು ಪಡೆದನೆಂದು ಐತಿಹ್ಯ. ಈ ಕ್ರಮದಲ್ಲಿ ಪ್ರಶ್ನೆಯನ್ನು ಆರಿಸುವವನು ಪರೀಕ್ಷಕನೂ ಅಲ್ಲ. ಮುಖ್ಯವಾದ ಪ್ರಶ್ನೆ, ಬಿಡಬಹುದಾದ ಪ್ರಶ್ನೆ ಎಂಬ ಭೇದವೇ ಇಲ್ಲಿಗೆ ಹೊಂದುವುದಿಲ್ಲ. ಪ್ರಾಚೀನಪರೀಕ್ಷೆಯ ಕಾಠಿನ್ಯದ ಮೂಲವು ಇದೇ ಆಗಿದೆ: ಪ್ರಶ್ನೆಯು ಎಲ್ಲಿಂದ ಬರುವುದೆಂದು ಮೊದಲೇ ಊಹಿಸುವುದು ಅಶಕ್ಯವಾಗಿತ್ತು.

೩. ಸಂಖ್ಯೆಯ ಪ್ರಶ್ನೆ

ಆದರೆ ಇಂತಹ ಪರೀಕ್ಷೆಗಳು ಎಷ್ಟು ಜನರಿಗಾಗಿ ಏರ್ಪಟ್ಟಿದ್ದುವೆಂಬುದನ್ನು ಮರೆಯಬಾರದು. ಕಲ್ಬುರ್ಗಿ ಸೀಮೆಯ ನಾಗಾವಿಯಲ್ಲಿರುವ ೧೦೫೮ನೆಯ ವರ್ಷದ ಶಾಸನವು ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದಲ್ಲಿ ದಂಡನಾಯಕ ಮಧುಸೂದನನು ನಡೆಸಿದ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ಅಲ್ಲಿ ವೇದವನ್ನೋದುವ ಮಾಣಿಗಳು ೨೦೦ ಮಂದಿ. ಶಾಸ್ತ್ರವನ್ನೋದುವವರು ೫೨ ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಪುಸ್ತಕಭಾಂಡಾರವನ್ನು ನೋಡಿಕೊಳ್ಳುವುದಕ್ಕೆ ಆರು ಜನ ಸರಸ್ವತೀಭಂಡಾರಿಗರು. ಕನ್ನಡನಾಡಿನ ಹೆಸರುವಾಸಿಯಾದ ವಿದ್ಯಾಸ್ಥಾನಗಳಲ್ಲೊಂದರ ಪರಿಮಾಣವು ಇಷ್ಟು. ಇಂದಿನ ಒಂದು ಸಾಧಾರಣವಾದ ಪ್ರೌಢಶಾಲೆಯಲ್ಲಿ ಇದಕ್ಕಿಂತ ಹೆಚ್ಚು ಮಕ್ಕಳಿರುವುದುಂಟು.

ಈ ಶಾಸನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ವೇದವಿದ್ಯಾರ್ಥಿಗಳನ್ನೂ ಶಾಸ್ತ್ರವಿದ್ಯಾರ್ಥಿಗಳನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆ. ಸ್ವರವರ್ಣಗಳಲ್ಲಿ ಎಳ್ಳಷ್ಟೂ ತಪ್ಪದೆ ಪಾಠಮಾಡುವ ವಿದ್ಯೆ ಒಂದು. ಅರ್ಥವನ್ನು ಶೋಧಿಸಿ ವಾದಿಸುವ ವಿದ್ಯೆ ಇನ್ನೊಂದು. ಮೊದಲನೆಯದು ಕೀಳೆಂದು ಯಾರೂ ಹೇಳಲಿಲ್ಲ. ಘನಪಾಠಿಗೆ ಸಲ್ಲುವ ಗೌರವವು ಇಂದಿಗೂ ಸಲ್ಲುತ್ತಿದೆ. ಆದರೆ ಘನಪಾಠಿಯೆಂಬ ಬಿರುದು ಅರ್ಥಜ್ಞಾನಕ್ಕೆ ಸಾಕ್ಷಿಯೆಂದು ಯಾರೂ ಭಾವಿಸಲಿಲ್ಲ. ಅರ್ಥವನ್ನರಿಯದೆ ಓದಿದವನನ್ನು ಹೊರೆಹೊತ್ತ ಕಂಬಕ್ಕೆ ಹೋಲಿಸುವ ಹಳೆಯ ಮಾತನ್ನು ಯಾಸ್ಕನು ನಿರುಕ್ತದಲ್ಲಿ ಉದಾಹರಿಸಿರುವನು. ಎರಡು ವಿದ್ಯೆಗಳಿಗೆ ಎರಡು ಹೆಸರುಗಳು, ಎರಡು ಪರೀಕ್ಷೆಗಳು ಇದ್ದುದರಿಂದ ಒಂದರ ಗೌರವವು ಇನ್ನೊಂದಕ್ಕೆ ಸೋರಿಹೋಗುತ್ತಿರಲಿಲ್ಲ. ಈ ವಿಭಾಗವು ಮುಂದಿನ ವಿಚಾರಕ್ಕೆ ಬಹು ಉಪಯುಕ್ತವಾಗಿದೆ.

ಸಂಖ್ಯೆಯು ಹೆಚ್ಚಿದಾಗ ಪರೀಕ್ಷೆಯು ಏನಾಗುತ್ತದೆಂಬುದಕ್ಕೆ ಪುಣೆಯ ಶ್ರಾವಣಮಾಸದ ದಕ್ಷಿಣೆಯು ಉತ್ತಮನಿದರ್ಶನ. ಸೇನಾಪತಿ ಖಂಡೇರಾವ್ ದಾಭಾಡೆಯು ತಳೇಗಾವಿನಲ್ಲಿ ಆರಂಭಿಸಿದ ಈ ದಾನವು ಮುಂದೆ ಪೇಶ್ವೆಯರ ಆಶ್ರಯಕ್ಕೆ ಬಂದು ಬಹಳವಾಗಿ ಬೆಳೆಯಿತು. ನಾನಾ ದೇಶಗಳಿಂದ ಬ್ರಾಹ್ಮಣರು ಸಹಸ್ರಗಟ್ಟಲೆ ನೆರೆಯತೊಡಗಿದರು. ಅಷ್ಟು ಜನರನ್ನು ಶಾಸ್ತ್ರದಲ್ಲಿ ಪರೀಕ್ಷಿಸುವುದು ಆಗದ ಕಾರ್ಯ. ಆದುದರಿಂದ ದಾನವು ತಾನಾಗಿಯೇ ಎರಡಾಗಿ ಒಡೆಯಿತು. ವಿದ್ವಾಂಸರೆನಿಸಿದವರಿಗೆ ಶಾಸ್ತ್ರಿಗಳ ಪರೀಕ್ಷೆಯ ಮೇಲೆ ದೊಡ್ಡ ಸಂಭಾವನೆ; ಉಳಿದವರಿಗೆ ಪರ್ವತಿಯ ಬುಡದ ರಮಣಾ ಎಂಬ ಆವರಣದಲ್ಲಿ ಬಾಗಿಲು ದಾಟಿದವರಿಗೆಲ್ಲ ಅಲ್ಪಸ್ವಲ್ಪ ಕಾಣಿಕೆ. ೧೮೧೮ರಲ್ಲಿ ರಾಜ್ಯವು ಕುಂಪಣಿಯ ಕೈಸೇರಿದ ಮೇಲೂ ದಕ್ಷಿಣೆಯು ಸಂಕೋಚಹೊಂದಿ ಮುಂದುವರಿಯಿತು. ಅದರ ಒಂದು ಭಾಗದಿಂದ ೧೮೨೧ರಲ್ಲಿ ವಿಶ್ರಾಮಬಾಗಿನ ಸಂಸ್ಕೃತ ಪಾಠಶಾಲೆಯು ಹುಟ್ಟಿತು. ಜನಸಂದಣಿಗೆ ಹೊಸ್ತಿಲು ತಗ್ಗುವುದೂ, ವಿದ್ವತ್ತಿಗಾಗಿ ಬೇರೊಂದು ಪರೀಕ್ಷೆ ಏರ್ಪಡುವುದೂ ಒಂದೇ ಕಾಲದಲ್ಲಿ ನಡೆಯಬಹುದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಈ ಒಡಕು ಇಂಗ್ಲಿಷಿನವರ ಕಾಲದಲ್ಲಿ ಹುಟ್ಟಿದುದಲ್ಲ.

೪. ಬರೆಹದ ಪರೀಕ್ಷೆ

೧೮೫೪ರಲ್ಲಿ ಬಂದ ವುಡ್ಡನ ಶಿಕ್ಷಣಪತ್ರವನ್ನು ಅನುಸರಿಸಿ ೧೮೫೭ರಲ್ಲಿ ಕಲ್ಕತ್ತೆ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಇವುಗಳಿಗೆ ಮಾದರಿಯಾದುದು ೧೮೩೬ರಲ್ಲಿ ಸನ್ನದು ಪಡೆದ ಲಂಡನ್ ವಿಶ್ವವಿದ್ಯಾನಿಲಯ. ಪಾಠಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷಿಸುವುದು ವಿಶ್ವವಿದ್ಯಾನಿಲಯದ ಕೆಲಸ ಎಂಬುದು ಆಗಿನ ವ್ಯವಸ್ಥೆ. ಗುರುವೇ ಪರೀಕ್ಷಕನಾಗಿದ್ದ ದೇಶದಲ್ಲಿ, ಶಿಷ್ಯನ ಮುಖವನ್ನೇ ಕಾಣದವನು ಅವನ ಬರೆಹವನ್ನು ಮಾತ್ರ ನೋಡಿ ನಿರ್ಣಯಹೇಳುವ ಪದ್ಧತಿಯು ಹೀಗೆ ಬೇರೂರಿತು. ಮೈಸೂರು ಸಂಸ್ಥಾನದ ಕಾಲೇಜುಗಳೂ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟುವವರೆಗೆ ಮದರಾಸಿನ ಪರೀಕ್ಷೆಗಳಿಗೇ ಒಳಪಟ್ಟಿದ್ದುವು.

ಆ ಮೊದಲ ಪರೀಕ್ಷೆಗಳು ಈಗಿನವರು ಭಾವಿಸುವಷ್ಟು ದುರ್ಗಮವಾಗಿದ್ದುವೆ? ಕಲ್ಕತ್ತೆಯ ಲೆಕ್ಕವು ಎರಡು ತೆರನಾದ ಉತ್ತರವನ್ನು ಕೊಡುತ್ತದೆ. ೧೮೫೭ರ ಪ್ರವೇಶಪರೀಕ್ಷೆಗೆ ಕುಳಿತವರು ೨೪೪ ಮಂದಿ. ತೇರ್ಗಡೆಯಾದವರು ೧೬೨ ಮಂದಿ. ಎಂದರೆ ನೂರಕ್ಕೆ ಸುಮಾರು ೬೬. ಮರುವರ್ಷದ ಬಿ.ಎ. ಪರೀಕ್ಷೆಯಲ್ಲಾದರೋ ಹತ್ತು ಹನ್ನೆರಡು ಮಂದಿಯಲ್ಲಿ ತೇರ್ಗಡೆಯಾದವರು ಇಬ್ಬರೇ: ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಯದುನಾಥ ಬೋಸ್. ಅವರಿಬ್ಬರೂ ಆರು ವಿಷಯಗಳಲ್ಲಿ ಐದರಲ್ಲಿ ಚೆನ್ನಾಗಿ ಬರೆದು, ಆರನೆಯದರಲ್ಲಿ ಏಳಕ್ಕೆ ಮೀರದಷ್ಟು ಅಂಕಗಳಿಂದ ಹಿಂದೆಬಿದ್ದಿದ್ದರು. ಇದೊಂದು ವಿಶೇಷಾನುಗ್ರಹವೆಂದೂ ಮುಂದಕ್ಕೆ ಮೇಲ್ಪಂಕ್ತಿಯಾಗತಕ್ಕದ್ದಲ್ಲವೆಂದೂ ಹೇಳಿ ಅಧಿಕಾರಿಗಳು ಅವರಿಗೆ ಪದವಿಯನ್ನು ಕೊಟ್ಟರು. ಆನಂದಮಠದ ಕರ್ತೃವು ಪದವೀಧರನಾದುದು ಕೃಪಾಂಕದಿಂದ. ಕೃಪಾಂಕವನ್ನು ಇತ್ತೀಚಿನ ಅವನತಿಯ ಚಿಹ್ನೆಯೆಂದು ಭಾವಿಸುವವರು, ಅದು ಈ ದೇಶದ ಪದವೀಪರೀಕ್ಷೆಗಳೊಡನೆ ಒಂದೇ ವರ್ಷದಲ್ಲಿ ಹುಟ್ಟಿದುದನ್ನು ಗಮನಿಸಬೇಕು. ಕೃಪೆಯಿಂದ ಹೊಸ್ತಿಲನ್ನು ದಾಟಿದವನು ಸಾಮಾನ್ಯನಾಗಿಯೇ ಉಳಿಯಬೇಕೆಂಬ ನಿಯಮವಿಲ್ಲವೆಂಬುದಕ್ಕೂ ಇದು ದೃಷ್ಟಾಂತ.

ಬಾಗಿಲನ್ನು ತೆರೆಯುವುದು ಬೇರೆ, ಹೊಸ್ತಿಲನ್ನು ತಗ್ಗಿಸುವುದು ಬೇರೆ ಎಂಬುದಕ್ಕೂ ಕಲ್ಕತ್ತೆಯಲ್ಲಿಯೇ ಸಾಕ್ಷ್ಯವಿದೆ. ೧೮೭೬ರಲ್ಲಿ ಚಂದ್ರಮುಖಿ ಬಸು ಎಂಬ ವಿದ್ಯಾರ್ಥಿನಿಯು ಪ್ರವೇಶಪರೀಕ್ಷೆಯ ಪ್ರಶ್ನೆಗಳಿಗೆ ಉತ್ತರಬರೆದು ತೇರ್ಗಡೆಯ ಮಟ್ಟವನ್ನು ಮುಟ್ಟಿದಳು. ಆದರೆ ಸ್ತ್ರೀಯರಿಗೆ ಪರೀಕ್ಷಾಧಿಕಾರವಿಲ್ಲದಿದ್ದುದರಿಂದ ಅವಳ ಹೆಸರು ತೇರ್ಗಡೆಯಾದವರ ಪಟ್ಟಿಯಲ್ಲಿ ಸೇರಲಿಲ್ಲ. ೧೮೭೮ರಲ್ಲಿ ವಿಶ್ವವಿದ್ಯಾನಿಲಯವು ನಿಯಮವನ್ನು ಬದಲಾಯಿಸಿತು. ೧೮೮೩ರಲ್ಲಿ ಆಕೆಯೂ ಕಾದಂಬಿನಿ ಬಸು ಎಂಬಾಕೆಯೂ ಬಿ.ಎ. ಪದವಿಯನ್ನು ಪಡೆದರು. ಇಲ್ಲಿ ಪ್ರಶ್ನೆಪತ್ರಿಕೆಯು ಬದಲಾಗಲಿಲ್ಲ. ಅಂಕದ ಮಟ್ಟವು ಬದಲಾಗಲಿಲ್ಲ. ಬಾಗಿಲು ಮಾತ್ರ ತೆರೆಯಿತು. ಪ್ರಾಚೀನರ ಪರೀಕ್ಷೆಯು ಕಠಿಣವಾಗಿತ್ತೆಂದು ಕೊಂಡಾಡುವಾಗ, ನಾಡಿನ ಬಹುಜನರು ಆ ಪರೀಕ್ಷೆಯ ಬಾಗಿಲಿನ ಹತ್ತಿರಕ್ಕೂ ಬರುವಂತಿರಲಿಲ್ಲವೆಂಬುದನ್ನು ಸೇರಿಸಿಯೇ ಹೇಳಬೇಕಾಗುತ್ತದೆ. ಬಾರದವರನ್ನು ಲೆಕ್ಕಕ್ಕೆ ಹಿಡಿಯದ ಕಾಠಿನ್ಯವು ಅರ್ಧ ಕಾಠಿನ್ಯ ಮಾತ್ರ.

ಪರೀಕ್ಷೆಯನ್ನು ಕುರಿತ ಅಸಮಾಧಾನವಾದರೂ ಬೇಗನೆಯೇ ಹುಟ್ಟಿತು. ಕರ್ಜನ್ ಪ್ರಭುವು ನೇಮಿಸಿದ ೧೯೦೨ರ ವಿಶ್ವವಿದ್ಯಾನಿಲಯಗಳ ಆಯೋಗವು, ಪಾಠಕ್ಕೆ ಪರೀಕ್ಷೆಯು ಅಧೀನವಾಗಿರುವುದಕ್ಕೆ ಬದಲಾಗಿ ಪರೀಕ್ಷೆಗೆ ಪಾಠವು ಅಧೀನವಾಗಿರುವುದೇ ಭಾರತದ ಉಚ್ಚಶಿಕ್ಷಣದ ಮಹಾದೋಷವೆಂದು ವರದಿಮಾಡಿತು. ಪ್ರಶ್ನೆಪತ್ರಿಕೆಯು ಸುಲಭವೋ ಕಷ್ಟವೋ ಎಂಬ ವಾದಕ್ಕಿಂತ ಈ ಮಾತು ಆಳವಾದುದು. ಅಂಕಗಳು ಎಷ್ಟರಮಟ್ಟಿಗೆ ನೆಚ್ಚತಕ್ಕವು ಎಂಬ ಪ್ರಶ್ನೆಯನ್ನು ಎತ್ತಿದವನು ಸರ್ ಫಿಲಿಪ್ ಹಾರ್ಟಾಗ್. ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಆಯೋಗದಲ್ಲಿ ಸದಸ್ಯನೂ ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯೂ ಆಗಿದ್ದ ಇವನು ೧೯೩೫ರಲ್ಲಿ ರೋಡ್ಸ್ ಎಂಬವನೊಡನೆ ಇಂಗ್ಲೆಂಡಿನಲ್ಲಿ ನಡೆಸಿದ ಶೋಧನೆಯನ್ನು ಪ್ರಕಟಿಸಿದನು. ಮೊದಲು ಸಮಾನವಾದ ಅಂಕವನ್ನು ಪಡೆದಿದ್ದ ಚರಿತ್ರೆಯ ೧೫ ಉತ್ತರಪತ್ರಿಕೆಗಳನ್ನು ೧೫ ಮಂದಿ ಅನುಭವಶಾಲಿಗಳಾದ ಪರೀಕ್ಷಕರಿಗೆ ಕೊಟ್ಟು, ಒಂದು ವರ್ಷಕ್ಕೂ ಮೀರಿದ ಕಾಲದ ಮೇಲೆ ಅವರಲ್ಲಿ ೧೪ ಮಂದಿಗೆ ಅವೇ ಪತ್ರಿಕೆಗಳನ್ನು ಪುನಃ ಕೊಡಲಾಯಿತು. ಹೀಗೆ ಉಂಟಾದ ೨೧೦ ನಿರ್ಣಯಗಳಲ್ಲಿ ೯೨ರಲ್ಲಿ ಅದೇ ಪರೀಕ್ಷಕನು ಅದೇ ಪತ್ರಿಕೆಗೆ ಮೊದಲಿಗಿಂತ ಬೇರೆಯಾದ ದರ್ಜೆಯನ್ನು ಕೊಟ್ಟಿದ್ದನು. ಅಳೆಯುವ ಕೋಲೇ ಇಷ್ಟು ತೂಗಾಡುತ್ತಿರಲು, ಐವತ್ತು ವರ್ಷಗಳ ಹಿಂದಿನ ಅರವತ್ತು ಅಂಕವನ್ನು ಇಂದಿನ ತೊಂಬತ್ತು ಅಂಕದೊಡನೆ ನೇರವಾಗಿ ಹೋಲಿಸುವುದು ಯುಕ್ತವಾಗಲಾರದು.

ಆ ಇಂಗ್ಲೆಂಡಿನಲ್ಲಿಯೇ ಮುಂದೆ ನಡೆದ ಒಂದು ಬದಲಾವಣೆಯು ಈ ಸಂದರ್ಭದಲ್ಲಿ ಸ್ಮರಣೀಯ. ಅಲ್ಲಿಯ 'ಎ ಲೆವೆಲ್' ಪರೀಕ್ಷೆಯಲ್ಲಿ ಮೊದಲ ಶ್ರೇಣಿಯನ್ನು ಸುಮಾರು ನೂರಕ್ಕೆ ಹತ್ತು ಮಂದಿಗೆ ಕೊಡಬೇಕೆಂಬ ಸೂಚನೆಯು ೧೯೬೩ರಿಂದ ೧೯೮೭ರವರೆಗೆ ನಡೆಯುತ್ತಿತ್ತು. ಆಮೇಲೆ, ನಿಯತವಾದ ಮಟ್ಟವನ್ನು ಮುಟ್ಟಿದವರಿಗೆಲ್ಲ ಆ ಶ್ರೇಣಿಯು ಸಲ್ಲಬೇಕೆಂದಾಯಿತು. ೨೦೧೦ರ ವೇಳೆಗೆ ಅದು ನೂರಕ್ಕೆ ೨೭ಕ್ಕೆ ಏರಿ, ಅದರ ಮೇಲೆ ಇನ್ನೊಂದು ಶ್ರೇಣಿಯನ್ನು ಆಗ ಕಟ್ಟಬೇಕಾಯಿತು. ಮೊದಲ ಪದ್ಧತಿಯಲ್ಲಿ ಅಂಕವು ಇತರರಿಗಿಂತ ಮುಂದಿರುವಿಕೆಯನ್ನು ಸೂಚಿಸುತ್ತದೆ. ಎರಡನೆಯದರಲ್ಲಿ ನಿಯತವಾದುದನ್ನು ಕಲಿತಿರುವಿಕೆಯನ್ನು ಸೂಚಿಸುತ್ತದೆ. ಹೆಸರೊಂದೇ ಆಗಿದ್ದರೂ ಅರ್ಥವೆರಡು.

೫. ಕರ್ನಾಟಕದ ಹತ್ತನೆಯ ತರಗತಿ

ಈ ವಿವೇಚನೆಯನ್ನು ಈಗಿನ ಕನ್ನಡನಾಡಿಗೆ ಹೊಂದಿಸಿ ನೋಡಬಹುದು. ಹತ್ತನೆಯ ತರಗತಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಟ್ಟು ಅಂಕಗಳು ೬೨೫. ರೋಗಭಯದ ನಡುವೆ ೨೦೨೧ರ ಜುಲೈ ತಿಂಗಳಲ್ಲಿ ಎರಡೇ ದಿನ, ಉತ್ತರವನ್ನು ಗುರುತಿಸುವ ಮಾದರಿಯಲ್ಲಿ, ಪರೀಕ್ಷೆಯು ನಡೆಯಿತು. ಎಂಟು ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳಲ್ಲಿ ಅನುತ್ತೀರ್ಣವೆಂದು ಲೆಕ್ಕಕ್ಕೆ ಬಂದುದು ಒಂದೇ ಹೆಸರು. ಅದೂ ಬೇರೊಬ್ಬನು ಬದಲಿಯಾಗಿ ಬರೆದ ಕಾರಣದಿಂದ. ಪೂರ್ಣಾಂಕವನ್ನು ಪಡೆದವರು ೧೫೭ ಮಂದಿ. ಅದು ಅಸಾಧಾರಣವಾದ ವರ್ಷವಾದುದರಿಂದ ಅದನ್ನು ಬದಿಗಿಟ್ಟು ಮುಂದಿನ ನಾಲ್ಕು ವರ್ಷಗಳನ್ನು ನೋಡತಕ್ಕದ್ದು.

೨೦೨೨ರಲ್ಲಿ ತೇರ್ಗಡೆಯು ನೂರಕ್ಕೆ ೮೫.೬೩, ಪೂರ್ಣಾಂಕದವರು ೧೪೫. ೨೦೨೩ರಲ್ಲಿ ತೇರ್ಗಡೆ ೮೩.೮೯, ಪೂರ್ಣಾಂಕದವರು ನಾಲ್ವರು. ೨೦೨೪ರ ಮೊದಲ ಪರೀಕ್ಷೆಯಲ್ಲಿ ತೇರ್ಗಡೆ ೭೩.೪೦, ಪೂರ್ಣಾಂಕವನ್ನು ಪಡೆದುದು ಒಬ್ಬಳೇ ವಿದ್ಯಾರ್ಥಿನಿ. ೨೦೨೫ರ ಮೊದಲ ಪರೀಕ್ಷೆಯಲ್ಲಿ ತೇರ್ಗಡೆ ಸುಮಾರು ೬೬, ಪೂರ್ಣಾಂಕದವರು ೨೨.

ಈ ಅಂಕಗಳನ್ನು ಸಾವಧಾನವಾಗಿ ಪರಿಶೀಲಿಸಿದರೆ ಪೂರ್ವೋಕ್ತವಾದ ಭೇದವು ಸ್ಪಷ್ಟವಾಗುತ್ತದೆ. ೨೦೨೨ಕ್ಕೂ ೨೦೨೩ಕ್ಕೂ ತೇರ್ಗಡೆಯಲ್ಲಿ ಎರಡಂಶಗಳಷ್ಟು ಮಾತ್ರ ವ್ಯತ್ಯಾಸ. ಶಿಖರದಲ್ಲಾದರೋ ೧೪೫ ಇದ್ದುದು ನಾಲ್ಕಕ್ಕೆ ಇಳಿಯಿತು. ೨೦೨೪ಕ್ಕೂ ೨೦೨೫ಕ್ಕೂ ನಡುವೆ ತೇರ್ಗಡೆಯು ಇಳಿಯಿತು, ಪೂರ್ಣಾಂಕದವರ ಸಂಖ್ಯೆಯು ಏರಿತು. ಹೊಸ್ತಿಲೂ ಶಿಖರವೂ ಒಂದೇ ಹಗ್ಗಕ್ಕೆ ಕಟ್ಟಿದ ವಸ್ತುಗಳಾಗಿದ್ದರೆ ಹೀಗಾಗುವುದು ಅಸಂಭವ. ಆದುದರಿಂದ 'ಪರೀಕ್ಷೆ ಸುಲಭವಾಯಿತು' ಎಂಬ ಏಕವಾಕ್ಯದಿಂದ ಯಾವ ವರ್ಷದ ಸ್ಥಿತಿಯನ್ನೂ ವರ್ಣಿಸಲಾಗದು.

ಹೊಸ್ತಿಲು ಏರಿಳಿಯುವುದಕ್ಕೆ ಕಾರಣವು ಬಹುಮಟ್ಟಿಗೆ ವಿದ್ಯೆಯ ಹೊರಗಿನದು. ೨೦೨೪ರಲ್ಲಿ ಪರೀಕ್ಷಾಮಂದಿರಗಳಲ್ಲಿ ಕ್ಯಾಮೆರಾಗಳನ್ನಿಟ್ಟು ದೂರದಿಂದಲೇ ಕಾವಲುನಡೆಸುವ ಕ್ರಮವು ಜಾರಿಗೆ ಬಂದಿತು. ನಕಲುಮಾಡುವ ಅವಕಾಶವು ಕಡಮೆಯಾಗಿ ಫಲವು ಕುಸಿಯಲು, ಕೃಪಾಂಕದ ಪ್ರಮಾಣವನ್ನು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿಸಲಾಯಿತು. ಹಾಗೆ ಏರಿಸಿದ ಮೇಲೂ ದೊರೆತುದು ೭೩.೪೦. ಮರುವರ್ಷ ಆ ವಿಶೇಷ ಕೃಪೆಯನ್ನು ತೆಗೆದುಹಾಕಲು ಫಲವು ಮತ್ತಷ್ಟು ಇಳಿಯಿತು. ೨೦೨೫ರ ಅಕ್ಟೋಬರಿನಲ್ಲಿ ಸರ್ಕಾರವು, ೨೦೨೫-೨೬ನೆಯ ಸಾಲಿನಿಂದ ಒಟ್ಟಿನಲ್ಲಿ ನೂರಕ್ಕೆ ೩೩, ಒಂದೊಂದು ವಿಷಯದಲ್ಲಿ ಕನಿಷ್ಠ ೩೦ ಬಂದರೆ ತೇರ್ಗಡೆಯೆಂದು ಪ್ರಕಟಿಸಿತು. ಅದಕ್ಕೆ ಮೊದಲು ಬೇಕಾಗಿದ್ದುದು ೩೫. ಕಾವಲು, ಕೃಪೆ, ಕನಿಷ್ಠಾಂಕ ಇವು ಮೂರೂ ಆಡಳಿತದ ಕೈಯಲ್ಲಿರುವ ಕೀಲಿಗಳು. ಇವುಗಳನ್ನು ತಿರುಗಿಸಿದುದರಿಂದ ಮಕ್ಕಳ ವಿದ್ಯೆಯು ಒಂದೇ ವರ್ಷದಲ್ಲಿ ಹೆಚ್ಚಿತೆಂದಾಗಲಿ ಕುಗ್ಗಿತೆಂದಾಗಲಿ ಹೇಳುವುದು ಸಾಧುವಲ್ಲ.

೬. ಶಿಖರದ ಶ್ರಮ

ಇನ್ನು ಅಗ್ರಸ್ಥಾನಕ್ಕೆ ಕಠಿಣಪರಿಶ್ರಮವು ಬೇಕೇ ಎಂಬ ಪ್ರಶ್ನೆ. ಬೇಕೆಂಬುದರಲ್ಲಿ ಸಂದೇಹವಿಲ್ಲ. ಆರು ವಿಷಯಗಳಲ್ಲಿ ಒಂದೇ ಒಂದು ಅಂಕವನ್ನೂ ಕಳೆದುಕೊಳ್ಳದೆ ಬರೆಯುವುದು ಸೋಮಾರಿಯಿಂದ ಆಗತಕ್ಕ ಕೆಲಸವಲ್ಲ. ಹಾಗೆ ಬರೆದ ಬಾಲಕ ಬಾಲಿಕೆಯರನ್ನು ಅದೃಷ್ಟಶಾಲಿಗಳೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಶ್ರಮದಲ್ಲಿ ಎರಡು ಬಗೆಯಿದೆ. ತಪ್ಪದಿರುವ ಶ್ರಮವೊಂದು, ತಿಳಿಯುವ ಶ್ರಮವೊಂದು. ನಾಗಾವಿಯ ಶಾಸನವು ಬೇರ್ಪಡಿಸಿ ಎಣಿಸಿದುದು ಈ ಎರಡನ್ನೇ. ಶಲಾಕಾಪರೀಕ್ಷೆಯಲ್ಲಿ ಪ್ರಶ್ನೆಯ ಸ್ಥಾನವು ಅನಿಯತ. ಈಗಿನ ಪರೀಕ್ಷೆಯಲ್ಲಿ ಪಾಠಭಾಗವು ನಿಯತ, ಪ್ರಶ್ನೆಯ ಮಾದರಿಯು ನಿಯತ, ಒಂದೊಂದು ಪಾಠಕ್ಕೆ ಸಲ್ಲುವ ಅಂಕವು ನಿಯತ, ಉತ್ತರದ ಅಂಶಗಳೂ ಮೌಲ್ಯಮಾಪಕನ ಕೈಗೆ ಮೊದಲೇ ಬಂದಿರುತ್ತವೆ. ಇಂತಹ ಏರ್ಪಾಟಿನಲ್ಲಿ ಶಿಖರವನ್ನು ಮುಟ್ಟುವ ಮಾರ್ಗವು ಆವೃತ್ತಿ; ಹಳೆಯ ಪ್ರಶ್ನೆಗಳನ್ನು ಮತ್ತೆ ಮತ್ತೆ ಬರೆದು ಕೈಯನ್ನು ಪಳಗಿಸುವುದು. ಇದು ಒಂದು ಬಗೆಯ ಘನಪಾಠ. ಘನಪಾಠಕ್ಕೆ ಸಲ್ಲತಕ್ಕ ಗೌರವವು ಇದಕ್ಕೂ ಸಲ್ಲಲಿ. ಆದರೆ ಭ್ರಾಂತಿಯಿಂದ ಇದನ್ನು ಶಾಸ್ತ್ರಜ್ಞಾನವೆಂದು ಕರೆಯಬಾರದು.

ಸಾಹಿತ್ಯದ ಉಪಾಧ್ಯಾಯರು ವಿಶೇಷವಾಗಿ ವಿಚಾರಿಸಬೇಕಾದ ಅಂಶವು ಇಲ್ಲಿದೆ. ಪ್ರಥಮಭಾಷೆಗೆ ೧೨೫ ಅಂಕಗಳು. ೬೨೫ನ್ನು ಪಡೆದವರು ಅದರಲ್ಲಿಯೂ ೧೨೫ನ್ನು ಪಡೆದಿರಬೇಕು. ಗಣಿತದಲ್ಲಿ ಪೂರ್ಣಾಂಕಕ್ಕೆ ಅರ್ಥವುಂಟು. ಲೆಕ್ಕವು ಸರಿಯಾದರೆ ಸರಿ. ಪದ್ಯವೊಂದರ ಸ್ವಾರಸ್ಯವನ್ನು ವಿವರಿಸುವುದರಲ್ಲಿಯೂ, ಪ್ರಬಂಧವೊಂದನ್ನು ರಚಿಸುವುದರಲ್ಲಿಯೂ ಇನ್ನು ಸೇರಿಸತಕ್ಕದ್ದೇನೂ ಇಲ್ಲವೆಂದು ಹೇಳುವ ನಿರ್ಣಯಕ್ಕೆ ಅರ್ಥವೇನು? ಆ ವಿದ್ಯಾರ್ಥಿಯು ಕಾವ್ಯವನ್ನು ಸಂಪೂರ್ಣವಾಗಿ ಅರಿತನೆಂದಲ್ಲ. ಸಂಪೂರ್ಣವಾದ ಉತ್ತರವಿರುವಂತಹ ಪ್ರಶ್ನೆಗಳನ್ನೇ ಕೇಳಲಾಯಿತೆಂದು. ಈ ಸ್ಥಿತಿಗೆ ವಿದ್ಯಾರ್ಥಿಯು ಹೊಣೆಯಲ್ಲ. ಲಕ್ಷಾಂತರ ಉತ್ತರಪತ್ರಿಕೆಗಳನ್ನು ಕೆಲವೇ ದಿನಗಳಲ್ಲಿ ಅನೇಕರು ತಿದ್ದಬೇಕಾದಾಗ, ಹಾರ್ಟಾಗನು ತೋರಿಸಿದ ಚಾಂಚಲ್ಯವು ನುಸುಳದಂತೆ ಉತ್ತರಗಳನ್ನು ನಿಯತಗೊಳಿಸಬೇಕಾಯಿತು. ಪಕ್ಷಪಾತವಿಲ್ಲದ ಅಂಕ ಬೇಕೆಂದರೆ ನಿಯತವಾದ ಉತ್ತರ ಬೇಕು. ನಿಯತವಾದ ಉತ್ತರವಿದ್ದರೆ ಸ್ವತಂತ್ರವಾದ ಬುದ್ಧಿಗೆ ಅವಕಾಶ ಕಡಮೆ. ನ್ಯಾಯಕ್ಕಾಗಿ ತೆತ್ತ ಬೆಲೆಯು ಇದು.

ಆ ಬೆಲೆಯು ಒಂದು ವಿಷಯದ ಜೀವಕ್ಕೇ ಹೇಗೆ ತಗಲಬಹುದೆಂಬುದಕ್ಕೆ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಸಂಸ್ಕೃತವು ಅನುಭವಿಸಿದ ಸ್ಥಿತಿಯು ನಿದರ್ಶನ. ಎಂಟನೆಯ ತರಗತಿಯಲ್ಲಿ ಹೊಸದಾಗಿ ಅಕ್ಷರಾಭ್ಯಾಸಮಾಡುವವರೂ ಸಂಸ್ಕೃತವನ್ನು ಪ್ರಥಮಭಾಷೆಯಾಗಿ ತೆಗೆದುಕೊಳ್ಳಬಹುದಾಗಿತ್ತು. ಬಹುಭಾಗ ಉತ್ತರಗಳನ್ನು ಬೇರೆ ಭಾಷೆಯಲ್ಲಿ ಬರೆಯಲು ಅನುಮತಿಯಿದ್ದುದರಿಂದ ಅಂಕಗಳು ಧಾರಾಳವಾಗಿ ಬರುತ್ತಿದ್ದುವು. ಅಂಕದ ಆಸೆಯಿಂದ ಮಕ್ಕಳು ಕನ್ನಡವನ್ನು ಬಿಟ್ಟು ಸಂಸ್ಕೃತವನ್ನು ಆರಿಸತೊಡಗಿದಾಗ ಕನ್ನಡಿಗರಲ್ಲಿ ಕ್ಷೋಭೆಯುಂಟಾಯಿತು. ೧೯೮೦ರಲ್ಲಿ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾಯಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮಭಾಷೆಯಾಗಿ ೧೫೦ ಅಂಕಗಳನ್ನು ಹೊಂದಿರಬೇಕೆಂದು ಅದು ೧೯೮೧ರಲ್ಲಿ ವರದಿಯಿತ್ತಿತು. ೧೯೮೨ರ ಗೋಕಾಕ್ ಚಳವಳಿಯು ಸರ್ವವಿದಿತವಾದುದು. ಆ ವಿವಾದದಲ್ಲಿ ಕನ್ನಡಕ್ಕಾದ ಅಪಚಾರವನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಸಂಸ್ಕೃತಕ್ಕಾದ ಅಪಚಾರವೂ ಅದಕ್ಕಿಂತ ಕಡಮೆಯದಲ್ಲ. ಅಂಕಕ್ಕಾಗಿ ಒಲಿಸಿಕೊಂಡ ಭಾಷೆಯನ್ನು ಅಂಕವು ಬಂದ ಮರುದಿನವೇ ಬಿಟ್ಟುಬಿಡುವುದು ಸಹಜ. ತೊಂಬತ್ತಕ್ಕೂ ಮೀರಿದ ಅಂಕಗಳನ್ನು ಪಡೆದು ಶಾಲೆಯನ್ನು ಬಿಟ್ಟವರಲ್ಲಿ ರಘುವಂಶದ ಒಂದು ಸರ್ಗವನ್ನು ಸ್ವತಃ ಓದಬಲ್ಲವರು ಎಷ್ಟು ಮಂದಿ ಎಂದು ಕೇಳಿದರೆ ಸಂಸ್ಕೃತಾಭಿಮಾನಿಗಳು ತಲೆತಗ್ಗಿಸಬೇಕಾಗುತ್ತದೆ. ಸುಲಭವಾದ ಶಿಖರವು ವಿದ್ಯಾರ್ಥಿಗೆ ಉಪಕಾರವೆಂದು ತೋರಿದರೂ ವಿದ್ಯೆಗೆ ಅಪಕಾರವಾಗುತ್ತದೆ.

೭. ನಿರ್ಣಯ

ಇಲ್ಲಿ ಒಂದು ಆಕ್ಷೇಪವು ಬರಬಹುದು. ಶಿಖರವನ್ನು ದುರ್ಗಮಮಾಡಬೇಕೆಂದರೆ ಹಳ್ಳಿಯ ಬಡ ವಿದ್ಯಾರ್ಥಿಯು ಮತ್ತೆ ಹಿಂದುಳಿಯುವುದಿಲ್ಲವೇ? ನಿಯತವಾದ ಪ್ರಶ್ನೆಪತ್ರಿಕೆಯಿಂದಲೇ ಅಲ್ಲವೇ, ಮನೆಯಲ್ಲಿ ಪುಸ್ತಕವಿಲ್ಲದವನೂ ನಗರದ ಶ್ರೀಮಂತನ ಮಗನೊಡನೆ ಸಮನಾಗಿ ನಿಂತುದು? ಈ ಆಕ್ಷೇಪದಲ್ಲಿ ಸತ್ತ್ವವಿದೆ. ಪ್ರಶ್ನೆಯು ಎಲ್ಲಿಂದಾದರೂ ಬರಬಹುದೆಂಬ ಪರೀಕ್ಷೆಯು, ಗುರುಕುಲದಲ್ಲಿ ಹನ್ನೆರಡು ವರ್ಷ ನಿಶ್ಚಿಂತೆಯಿಂದ ಓದಲು ಅನುಕೂಲವಿದ್ದವನಿಗೆ ಹೇಳಿದ ಪರೀಕ್ಷೆ. ಅದನ್ನು ಹೊಸ್ತಿಲಿನಲ್ಲಿಡುವುದು ಯೋಗ್ಯವಲ್ಲ. ಹತ್ತು ವರ್ಷ ಶಾಲೆಗೆ ಬಂದ ಮಗುವಿಗೆ, ಓದಲು, ಬರೆಯಲು, ಎಣಿಸಲು ಬರುವುದೆಂಬುದಕ್ಕೆ ಒಂದು ಸಾಕ್ಷಿಪತ್ರವು ದೊರೆಯಲೇಬೇಕು. ಅದಕ್ಕೆ ನಿಯತವಾದ, ಎಲ್ಲರಿಗೂ ತಿಳಿದ, ಮುಟ್ಟಬಹುದಾದ ಮಟ್ಟವೇ ತಕ್ಕುದು. ಆ ಮಟ್ಟವನ್ನು ಗೊತ್ತುಮಾಡಿದ ಮೇಲೆ ವರ್ಷಕ್ಕೊಂದು ಬಾರಿ ಕೃಪೆಯಿಂದ ಎತ್ತುವುದೂ ಇಳಿಸುವುದೂ ಮಾತ್ರ ಆ ಸಾಕ್ಷಿಪತ್ರದ ಬೆಲೆಯನ್ನು ಕೆಡಿಸುತ್ತದೆ; ಅದರಿಂದ ಮೊದಲು ನೋಯುವವನು, ಆ ಪತ್ರವೊಂದನ್ನೇ ನಂಬಿಕೊಂಡ ಬಡವನು.

ಶಿಖರದ ಪ್ರಶ್ನೆಯು ಬೇರೆ. ಅಲ್ಲಿ ಎಲ್ಲರಿಗಿಂತ ಮುಂದಿರುವವರನ್ನು ಗುರುತಿಸಬೇಕಾದರೆ, ತಪ್ಪದಿರುವವನನ್ನೂ ತಿಳಿದವನನ್ನೂ ಬೇರ್ಪಡಿಸಬಲ್ಲ ಪ್ರಶ್ನೆಗಳು ಬೇಕು. ಪುಣೆಯ ದಕ್ಷಿಣೆಯಲ್ಲಿ ರಮಣಾ ಒಂದು, ಶಾಸ್ತ್ರಪರೀಕ್ಷೆ ಇನ್ನೊಂದು ಇದ್ದಂತೆ ಇವೆರಡನ್ನೂ ಪ್ರತ್ಯೇಕಿಸಿದರೆ ಯಾರಿಗೂ ಅನ್ಯಾಯವಾಗದು. ನಮ್ಮ ಸಂಸ್ಕೃತಪಾಠಶಾಲೆಗಳ ಪರೀಕ್ಷಾಕ್ರಮದಲ್ಲಿ ಪ್ರಥಮಾ, ಕಾವ್ಯ, ಸಾಹಿತ್ಯ, ವಿದ್ವನ್ಮಧ್ಯಮಾ, ವಿದ್ವದುತ್ತಮಾ ಎಂದು ಮೆಟ್ಟಿಲುಗಳನ್ನಿಟ್ಟಿರುವುದೂ, ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂದು ಪರೀಕ್ಷೆಗಳನ್ನು ವಿಭಾಗಿಸಿರುವುದೂ ಇದೇ ತತ್ತ್ವದಿಂದ. ಪ್ರಥಮೆಯಲ್ಲಿ ಉತ್ತೀರ್ಣನಾದವನನ್ನು ಯಾರೂ ವಿದ್ವಾಂಸನೆನ್ನುವುದಿಲ್ಲ, ಅವನೂ ಹಾಗೆಂದುಕೊಳ್ಳುವುದಿಲ್ಲ, ಆದರೂ ಅವನ ಪ್ರಥಮೆಯು ಅವನಿಗೆ ಸಾರ್ಥಕ. ಒಂದೇ ಪರೀಕ್ಷೆಯ ತಲೆಯ ಮೇಲೆ ಎಲ್ಲ ಭಾರವನ್ನೂ ಹೊರಿಸಿ, ಎಲ್ಲರನ್ನೂ ದಾಟಿಸಬೇಕು, ಎಲ್ಲರಲ್ಲಿ ಶ್ರೇಷ್ಠನನ್ನೂ ಅದೇ ತೋರಿಸಬೇಕು ಎಂದರೆ ಅದು ಎರಡನ್ನೂ ಸರಿಯಾಗಿ ಮಾಡಲಾರದು.

ಇದುವರೆಗಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಬಾಗಿಲು ನಿಶ್ಚಯವಾಗಿ ಅಗಲವಾಗಿದೆ. ಅದು ದೇಶದ ಭಾಗ್ಯ. ಹೊಸ್ತಿಲು ಒಮ್ಮೆ ಏರುತ್ತ ಒಮ್ಮೆ ತಗ್ಗುತ್ತ ಬಂದಿದೆ. ಅದರ ಏರಿಳಿತಗಳು ವಿದ್ಯೆಯ ಏರಿಳಿತಗಳಲ್ಲ, ೧೮೫೮ರಿಂದಲೂ ಆಡಳಿತದ ಅನುಕೂಲವನ್ನು ಅನುಸರಿಸಿದವು. ಶಿಖರವನ್ನು ಮುಟ್ಟಲು ಇಂದಿಗೂ ಶ್ರಮವು ಬೇಕು; ಆದರೆ ಶ್ರಮದ ಜಾತಿಯು ಬದಲಾಗಿದೆ. ಆದಕಾರಣ, ಪರೀಕ್ಷೆಗಳು ಸುಲಭವಾದುವೆ ಎಂದು ಕೇಳುವುದಕ್ಕಿಂತ, ಈ ಪರೀಕ್ಷೆಯಲ್ಲಿ ಮುಂದಾದವನು ಯಾವುದನ್ನು ಬಲ್ಲನು ಎಂದು ಕೇಳುವುದು ಪ್ರಯೋಜನಕಾರಿ. ತಕ್ಷಶಿಲೆಯ ಗುರುವು ಗುದ್ದಲಿಯನ್ನು ಕೊಟ್ಟಾಗ ಅವನ ಮನಸ್ಸಿನಲ್ಲಿದ್ದುದು ಆ ಪ್ರಶ್ನೆಯೊಂದೇ. ಪ್ರಶ್ನೆಪತ್ರಿಕೆಯನ್ನು ರಚಿಸುವ ಉಪಾಧ್ಯಾಯನು ಲೇಖನಿಯನ್ನು ಹಿಡಿಯುವಾಗ ಅದನ್ನು ನೆನೆದರೆ, ಉಳಿದ ವಿವಾದಗಳು ಬಹುಮಟ್ಟಿಗೆ ತಾವಾಗಿಯೇ ಶಮನವಾಗುವುವು.